ಏಕನಾಥರ ಕೊರಳು

ನಾನು ಒಂದು ಪತ್ರಿಕೆ. ನನ್ನ ಹೆಸರು ‘ಜಾಡು’. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತುಬಿದ್ದು ಗಿರಾಕಿಗಳನ್ನು ಕರೆಯುವ ಬಣ್ಣದ ಪತ್ರಿಕೆಗಳ ಜಾತಿ ನನ್ನದಲ್ಲ. ನನ್ನ ಮುಖದ ಮೇಲೆ ನಟಿಯ ಚಿತ್ರವಿಲ್ಲ, ಹೊಟ್ಟೆಯೊಳಗೆ ವಾರಭವಿಷ್ಯವಿಲ್ಲ. ಮೂರು ತಿಂಗಳಿಗೊಮ್ಮೆ ಹೊರಬರುತ್ತಿದ್ದೆ, ಬಂದಾಗಲೆಲ್ಲ ಒಬ್ಬನೇ ಒಬ್ಬನ ವಿಚಾರ ಹೇಳುತ್ತಿದ್ದೆ. ಅವನು ಪತ್ತೇದಾರ ಏಕನಾಥ. ಹುಟ್ಟಿದ್ದು ಕಾದಂಬರಿಯಲ್ಲಿ, ಕಳ್ಳರನ್ನು ಹಿಡಿದದ್ದು ಕಾದಂಬರಿಯಲ್ಲಿ. ಅದರಾಚೆ ಅವನನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಈ ಮಾತನ್ನು ನನ್ನ ಚಂದಾದಾರರ ಎದುರು ಆಡಿದ್ದರೆ ಅವರು ತೋಳು ಮಡಚಿ ಜಗಳಕ್ಕೆ ನಿಲ್ಲುತ್ತಿದ್ದರು.

ನನಗೆ ಇಬ್ಬರು ಅಪ್ಪಂದಿರು. ಒಬ್ಬರು ವ್ಯಾಸರಾವ್ ನಿಡಗುಂದಿ, ಗದಗಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವರು. ಊರಿಗೆಲ್ಲ ಅವರು ನಿಡಗುಂದಿ ಮಾಸ್ತರು. ಇನ್ನೊಬ್ಬರು ಗೂಳಪ್ಪ ಬೆಳವಟಗಿ, ಕೊಪ್ಪಳದ ಕೋರ್ಟಿನಲ್ಲಿ ಗುಮಾಸ್ತರು. ಇವರಿಬ್ಬರ ಗೆಳೆತನದ ಗಂಟು ಬಿದ್ದದ್ದು ಪ್ಯಾಸೆಂಜರ್ ರೈಲಿನಲ್ಲಿ. ಎದುರುಬದುರು ಕೂತ ಇಬ್ಬರ ಕೈಯಲ್ಲೂ ಒಂದೇ ಪುಸ್ತಕ: ಏಕನಾಥನ ‘ಮೂರನೆಯ ಬೀಗ’. ಏಕನಾಥ ಎಡಚ ಎಂದು ಮಾಸ್ತರು, ಅಲ್ಲವೇ ಅಲ್ಲ ಎಂದು ಗೂಳಪ್ಪ. ವಾದದ ಭರದಲ್ಲಿ ಗೂಳಪ್ಪ ಕೊಪ್ಪಳದಲ್ಲಿ ಇಳಿಯುವುದನ್ನೇ ಮರೆತು ಹೊಸಪೇಟೆ ಮುಟ್ಟಿದರು. ಅಲ್ಲಿಯ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುತ್ತ, ಇಂಥ ವಾದಗಳಿಗೆ ಒಂದು ಪತ್ರಿಕೆ ಬೇಕು ಎಂದು ಇಬ್ಬರೂ ತೀರ್ಮಾನಿಸಿದರು. ಮುಂದೆ ಕೆಲವು ತಿಂಗಳಿಗೆ, ಗದಗಿನ ಒಂದು ಸಣ್ಣ ಛಾಪಖಾನೆಯಲ್ಲಿ, ಲಗ್ನಪತ್ರಿಕೆಗಳ ನಡುವೆ ಬಿಡುವು ಮಾಡಿಕೊಂಡು ಕಾಲಿನಿಂದ ತುಳಿಯುವ ಯಂತ್ರ ನನ್ನನ್ನು ಹೆತ್ತಿತು.

ನನ್ನ ನಡೆನುಡಿಗಳನ್ನು ತಿದ್ದಿದವರು ಗೂಳಪ್ಪ. ಅವರ ಬಾಯಲ್ಲಿ ಕೋರ್ಟೇ ಇತ್ತು. “ಲೇಖನ ಅನ್ನೂದು ಬ್ಯಾಡ್ರಿ ಮಾಸ್ತರ, ಹೇಳಿಕೆ ಅನ್ನೂಣು. ಬರದಾಂವ ಸಾಕ್ಷಿದಾರ. ತಪ್ಪು ಹಿಡದ್ರ ಪಾಟೀಸವಾಲು,” ಎಂದರು. ಮಾಸ್ತರಿಗೆ ಇದು ಬಹಳ ಹಿಡಿಸಿತು. ಅಂದಿನಿಂದ ನನ್ನಲ್ಲಿ ಬರೆಯುವವರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಮಾಸ್ತರು ಒಂದನೇ ಸಾಕ್ಷಿ, ಗೂಳಪ್ಪ ಎರಡನೇ ಸಾಕ್ಷಿ. ಬಾಯಿಮಾತು ನಡೆಯದು, ಎಲ್ಲ ಬರಹದಲ್ಲೇ; ಪ್ರತಿ ಹೇಳಿಕೆಯ ಕೆಳಗೆ ಬರೆದ ತಾರೀಖು ಇರಬೇಕು. ಸಾಕ್ಷಿ ಉತ್ತರ ಹೇಳಬೇಕೇ ಹೊರತು ಪ್ರಶ್ನೆ ಕೇಳುವಂತಿಲ್ಲ. ಕಾದಂಬರಿ ಎಂಬ ಶಬ್ದ ನನ್ನ ಪುಟಗಳಲ್ಲಿ ನಿಷಿದ್ಧ, ಅವೆಲ್ಲ ‘ದಾಖಲೆಗಳು’. ಅವನ್ನು ಬರೆದ ಪುಣ್ಯಾತ್ಮನ ಹೆಸರು ಎತ್ತುವುದೂ ತಪ್ಪು. ಏಕನಾಥನಿಗೆ ಬಹುವಚನ, ಅದೂ ವರ್ತಮಾನಕಾಲದಲ್ಲಿ. ಏಕನಾಥರು ಇದ್ದಾರೆ, ಎಲ್ಲೋ ಒಂದು ಕಡೆ ಗುಂಡಿ ಹಾಕಿದ ಕೋಟು ತೊಟ್ಟು, ಬಾಯಲ್ಲಿ ಲವಂಗ ಇಟ್ಟುಕೊಂಡು ಯಾವನದೋ ಬೆನ್ನು ಹತ್ತಿದ್ದಾರೆ. ಇದು ನನ್ನ ಧರ್ಮ.

ಅಚ್ಚಾದ ಮೇಲೆ ಮಾಸ್ತರ ಹೆಂಡತಿ ಸಿಂಧೂಬಾಯಿ ಮೈದಾಹಿಟ್ಟಿನ ಅಂಟು ಕುದಿಸಿ, ಕಂದು ಹಾಳೆ ಸುತ್ತಿ, ವಿಳಾಸ ಬರೆದು ನನ್ನನ್ನು ಅಂಚೆಗೆ ಹಾಕಿಸುತ್ತಿದ್ದರು. ಮನುಷ್ಯರಿಗಿಲ್ಲದ ಒಂದು ಸೌಕರ್ಯ ನನಗಿದೆ. ಒಂದೇ ಹೊತ್ತಿಗೆ ನಾನು ಎಷ್ಟೋ ಮನೆಗಳಲ್ಲಿ ಇರುತ್ತೇನೆ. ಗದಗಿನ ಕಪಾಟಿನಲ್ಲಿ ಕೂತಿರುವಾಗಲೇ ಕೊಪ್ಪಳದಲ್ಲಿ ಗೂಳಪ್ಪನವರ ದಿಂಬಿನ ಪಕ್ಕದಲ್ಲೂ ಮಲಗಿರುತ್ತೇನೆ. ನೋಡುವುದು ಬೇಕಾದಷ್ಟು. ಆದರೆ ನನ್ನ ಬಾಯಿ ಸಂಪಾದಕರಾದ ಮಾಸ್ತರ ಕೈಯಲ್ಲಿತ್ತು.

ಎಂತೆಂಥ ವಾದಗಳಿಗೆ ನಾನು ಮೈಯೊಡ್ಡಲಿಲ್ಲ. ಏಕನಾಥರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಾರೋ ಬೆಲ್ಲವೋ ಎಂಬುದು ವರ್ಷಗಟ್ಟಲೆ ನಡೆಯಿತು. ವಿಜಾಪುರದ ವಕೀಲರೊಬ್ಬರು ಬೆಲ್ಲದ ಪಕ್ಷ ಸೋತಿತೆಂದು ಚಂದಾ ನಿಲ್ಲಿಸಿಯೇಬಿಟ್ಟರು. ವರ್ಷಕ್ಕೊಮ್ಮೆ ಗದಗಿನಲ್ಲಿ ಎಲ್ಲರೂ ಸೇರುತ್ತಿದ್ದರು. ಅದಕ್ಕೆ ‘ವಿಚಾರಣೆ’ ಎಂದು ಹೆಸರು; ಅಲ್ಲೂ ಒಬ್ಬರನ್ನೊಬ್ಬರು ಸಂಖ್ಯೆಯಿಂದಲೇ ಕರೆಯುವರು. ಬಂದವರೆಲ್ಲ ಕೋಟು ತೊಟ್ಟು, ಬಾಯಲ್ಲಿ ಲವಂಗ ಇಟ್ಟುಕೊಂಡು, ಏಕನಾಥರ ಧಾಟಿಯಲ್ಲಿ ಗಂಟಲು ಸರಿಪಡಿಸಿಕೊಂಡು ಮಾತಾಡುವರು. ಹೊರಗಿನವರು ಕಂಡರೆ ಹುಚ್ಚರ ಸಂತೆ ಅಂದುಕೊಳ್ಳಬೇಕು. ನನಗೋ ಅವರನ್ನು ನೋಡಿದರೆ ಹೆಮ್ಮೆ. ಇಷ್ಟು ಅಕ್ಕರೆಯಿಂದ ಇವರು ಹೆಂಡತಿ ಮಕ್ಕಳನ್ನಾದರೂ ಓದಿದ್ದಾರೆಯೇ ಎಂಬ ಅನುಮಾನ ಆಗಾಗ ಬರುತ್ತಿತ್ತು, ಅಷ್ಟೆ.

ಗೂಳಪ್ಪನವರ ಹೆಂಡತಿ ಪಾರವ್ವನಿಗೆ ಗಂಟಲಲ್ಲಿ ಗಂಟಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ತೋರಿಸುವುದಕ್ಕೆ ತಡವಾಗಿತ್ತು. ಆ ದಿನಗಳಲ್ಲಿ ನಾನು ಗೂಳಪ್ಪನವರ ತೊಡೆಯ ಮೇಲೆ ಇರುತ್ತಿದ್ದೆ, ಓದುತ್ತಿರಲಿಲ್ಲ, ಹಿಡಿದುಕೊಂಡಿರುತ್ತಿದ್ದರು. ಮೊದಲು ಪಾರವ್ವನ ದನಿ ಹೋಯಿತು, ಆಮೇಲೆ ಗುಟುಕು ನೀರೂ ಇಳಿಯದಾಯಿತು. ಮನೆಗೆ ಕರೆದುಕೊಂಡು ಹೋಗೆಂದು ಕೈಸನ್ನೆಯಲ್ಲಿ ಬೇಡುತ್ತಿದ್ದಳು. ನಾಳೆ, ನಾಳೆ ಎನ್ನುತ್ತಿದ್ದರು ಗೂಳಪ್ಪ. ಆಕೆ ಅಲ್ಲೇ ತೀರಿಕೊಂಡಳು. ಆಸ್ಪತ್ರೆಯ ಬಾಗಿಲು ದಾಟಿ ಹೊರಬಂದ ಗೂಳಪ್ಪ ಇನ್ನೊಮ್ಮೆ ಅಂಥ ಬಾಗಿಲೊಳಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಂತಿತ್ತು.

ಗೂಳಪ್ಪ ನೌಕರಿಯಿಂದ ನಿವೃತ್ತರಾದ ಮೇಲೆ ಅವರ ವಿಧವೆ ತಂಗಿ ನೀಲವ್ವ ಬಂದು ಜೊತೆಗಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಜೋಳದ ರೊಟ್ಟಿಯ ತುತ್ತು ಗೂಳಪ್ಪನವರ ಗಂಟಲಲ್ಲಿ ಸಿಕ್ಕಿತು. ನೀರು ಕುಡಿದು ನುಂಗಿದರು. ಮರುದಿನವೂ ಹಾಗೇ ಆಯಿತು. ಕನ್ನಡಿಯ ಮುಂದೆ ನಿಂತು ಕೊರಳನ್ನು ಬೆರಳಿನಿಂದ ತಡವಿದರು. ಬೆರಳು ಒಂದು ಕಡೆ ನಿಂತಿತು. ಅವರ ಮುಖ ನೋಡಿ ನನಗೆ ಎಲ್ಲ ತಿಳಿಯಿತು, ಅವರಿಗೂ ತಿಳಿಯಿತು. ನೀಲವ್ವನಿಗೆ ಹೇಳಲಿಲ್ಲ. ಹೇಳಿದರೆ ಆಕೆ ಅಳುತ್ತ ಹುಬ್ಬಳ್ಳಿಗೆ ಹೊರಡಿಸುತ್ತಿದ್ದಳು.

ಆದರೆ ಬದುಕುವ ಆಸೆ ಯಾರನ್ನು ಬಿಟ್ಟೀತು. ಹೋಗಲೇ, ಬೇಡವೇ ಎಂದು ಅವರಿಗೆ ಯಾರನ್ನಾದರೂ ಕೇಳಬೇಕಿತ್ತು. ಕೇಳುವುದು ಹೇಗೆಂದು ಗೊತ್ತಿರಲಿಲ್ಲ. ಜೀವಮಾನವೆಲ್ಲ ಊರವರ ಸಂಕಟಗಳನ್ನು ‘ಸದರಿ ಸಾಕ್ಷಿದಾರನು ಹೇಳುವುದೇನೆಂದರೆ’ ಎಂದು ಬರೆದ ಕೈ ಅದು. ‘ನನಗೆ ನೋವಾಗುತ್ತಿದೆ’ ಎಂಬ ವಾಕ್ಯ ಆ ಕೈಗೆ ಬರಲಿಲ್ಲ. ಕೊನೆಗೆ ನನಗಾಗಿ ಒಂದು ಹೇಳಿಕೆ ಬರೆದರು. ಅದರ ಹೆಸರು ‘ಏಕನಾಥರ ಕೊರಳು’.

ಮೊದಮೊದಲ ದಾಖಲೆಗಳಲ್ಲಿ ಏಕನಾಥರು ಊಟವಾದ ಮೇಲೆ ಮಾತ್ರ ಲವಂಗ ಹಾಕಿಕೊಳ್ಳುತ್ತಾರೆ. ಕಡೆಯ ದಾಖಲೆಗಳಲ್ಲಿ ಅದು ಇಡೀ ದಿನ ಬಾಯಲ್ಲೇ ಇರುತ್ತದೆ. ಮೊದಲು ರೊಟ್ಟಿ ಮುರಿಯುತ್ತಿದ್ದವರು ಬರಬರುತ್ತ ಗಂಜಿ ಕೇಳುತ್ತಾರೆ. ಮಾತು ಕಡಿಮೆಯಾಗಿದೆ. ‘ತುಂಗಭದ್ರೆಯ ತೆಪ್ಪ’ದಲ್ಲಿ ಕೊಲೆಗಾರನ ಹೆಸರನ್ನು ಬಾಯಿಬಿಟ್ಟು ಹೇಳದೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸುತ್ತಾರೆ. ಆದ್ದರಿಂದ ಏಕನಾಥರ ಗಂಟಲಲ್ಲಿ ಕೆಟ್ಟ ಗಂಟೊಂದು ಬೆಳೆಯುತ್ತಿದೆ, ಅದನ್ನು ಅವರು ಎಲ್ಲರಿಂದ ಮುಚ್ಚಿಟ್ಟಿದ್ದಾರೆ. ಇಷ್ಟು ಬರೆದು, ತಾರೀಖು ಹಾಕಿ, ಗೂಳಪ್ಪ ಗದಗಿಗೆ ಕಳಿಸಿದರು.

ಮಾಸ್ತರು ಓದಿ ತೊಡೆ ತಟ್ಟಿಕೊಂಡರು. “ಗೂಳಪ್ಪ ಈ ಸಲ ಛಲೋ ಸಿಕ್ಕಾನ. ಎಂಥಾ ವಾದ ಹೂಡ್ಯಾನ ನೋಡು ಸಿಂಧೂ,” ಎಂದು ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಓದಿ ಹೇಳಿದರು. ಸಿಂಧೂಬಾಯಿ ಕೈ ಒರೆಸಿಕೊಂಡು ಪೂರ್ತಿ ಕೇಳಿದರು. “ಪಾರವ್ವಗ ಆದದ್ದೇ ಇದು. ಪಾಪ, ಇನ್ನೂ ಅದೇ ಗುಂಗಿನಾಗ ಇದ್ದಾರ,” ಎಂದರು. ಮಾಸ್ತರಿಗೆ ಆ ಮಾತು ಕಿವಿಗೆ ಹೋದರೂ ಒಳಗೆ ಇಳಿಯಲಿಲ್ಲ. ಆಗಲೇ ಪಾಟೀಸವಾಲು ಬರೆಯಲು ಕೂತಿದ್ದರು. ಲವಂಗ ಹಲ್ಲುನೋವಿಗೂ ಇಟ್ಟುಕೊಳ್ಳುತ್ತಾರಲ್ಲವೇ? ಗಂಜಿ ಕೇಳಿದ್ದು ಬೇಸಗೆಯಲ್ಲಲ್ಲವೇ? ಅದೇ ‘ತುಂಗಭದ್ರೆಯ ತೆಪ್ಪ’ದಲ್ಲಿ ಏಕನಾಥರು ಹೊಳೆಯ ಈ ದಂಡೆಯಿಂದ ಆ ದಂಡೆಗೆ ಕೂಗಿ ಕರೆದದ್ದು ಸಾಕ್ಷಿಯ ಕಣ್ಣಿಗೆ ಬೀಳಲಿಲ್ಲವೇ? ಏಕನಾಥರು ಆರೋಗ್ಯವಾಗಿದ್ದಾರೆ, ಸಾಕ್ಷ್ಯ ಸಾಲದು. ಹೇಳಿಕೆಯೂ ಪಾಟೀಸವಾಲೂ ಒಂದೇ ಸಂಚಿಕೆಯಲ್ಲಿ ಅಚ್ಚಾಗಿ ಕೊಪ್ಪಳಕ್ಕೆ ಹೋದವು. ಗೂಳಪ್ಪ ಕೊನೆಯ ಸಾಲನ್ನು ಓದಿ ನನ್ನನ್ನು ಮಗುಚಿ ಹಾಕಿದರು.

ಅದೇ ಸಂಚಿಕೆ ಇಳಕಲ್ಲಿಗೂ ಹೋಗಿತ್ತು. ಅಲ್ಲಿ ಡಾಕ್ಟರ್ ಸೂಡಿ ಎಂಬವರು ನನ್ನ ಏಳನೇ ಸಾಕ್ಷಿ. ಕಡಿಮೆ ಬರೆಯುವವರು. ಹೇಳಿಕೆ ಓದಿದ ಕೂಡಲೇ ಒಂದು ಪುಟದ ಉತ್ತರ ಬರೆದು ಕಳಿಸಿದರು. ‘ಲಕ್ಷಣಗಳು ಹೀಗೇ ಇದ್ದರೆ ಏಕನಾಥರು ತಡಮಾಡದೆ ತೋರಿಸಿಕೊಳ್ಳಬೇಕು. ಈಗಿನ ಚಿಕಿತ್ಸೆ ಹಿಂದಿನಂತಿಲ್ಲ. ಬೇಗ ಬಂದವರು ಗುಣವಾಗಿ, ಮಾತಾಡುತ್ತ ಮನೆಗೆ ಹೋದದ್ದನ್ನು ನಾನು ಕಂಡಿದ್ದೇನೆ.’ ಇಷ್ಟೇ ಇದ್ದದ್ದು. ಕೊಪ್ಪಳದಲ್ಲಿ ಒಬ್ಬ ಮನುಷ್ಯ ಕಾಯುತ್ತಿದ್ದ ಮಾತುಗಳು ಇವೇ.

ಮಾಸ್ತರು ಅದನ್ನು ಅಚ್ಚಿನ ಮೊಳೆ ಜೋಡಿಸಲು ಛಾಪಖಾನೆಗೆ ಕೊಟ್ಟರು. ಅಷ್ಟರಲ್ಲಿ ಗೂಳಪ್ಪನವರೇ ಗದಗಿಗೆ ಬಂದರು. ಕೊರಳಿಗೆ ಮಫ್ಲರ್ ಸುತ್ತಿದ್ದರು, ಬಾಯಲ್ಲಿ ಲವಂಗವಿತ್ತು. ಕೈಯಲ್ಲಿ ಎರಡನೆಯ ಹೇಳಿಕೆ.

“ಮಾಸ್ತರ, ಬರದದ್ದು ಬ್ಯಾರೆ. ಬಾಯಿಲೆ ಒಂದು ಮಾತು ಹೇಳಬೇಕಂತ ಬಂದೀನ್ರಿ,” ಎಂದರು. ದನಿ ಒಡೆದಿತ್ತು.

“ಬಾಯಿಮಾತು ನಡೆಯೂದಿಲ್ಲ ಅಂತ ಕಟ್ಟಳೆ ಮಾಡಿದವರು ನೀವೇ,” ಮಾಸ್ತರು ನಕ್ಕರು. “ಏನಿದ್ರೂ ಬರದು ಕೊಡ್ರಿ. ಪಾಟೀಸವಾಲಿಗೆ ನಾ ತಯಾರಿದ್ದೀನಿ.”

“ಏಕನಾಥರಿಗೆ ಖರೇನ ಆರಾಮಿಲ್ರಿ.”

“ದಾಖಲೆ ಎಲ್ಲೆದ? ಅದನ್ನ ತೋರಿಸ್ರಿ ಮೊದಲ.”

ಗೂಳಪ್ಪ ಹೇಳಿಕೆಯ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಊಟಕ್ಕೆ ಕೂತಾಗ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ, ಅರ್ಧವನ್ನೂ ಮುಗಿಸದೆ ಎದ್ದರು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಸಿಂಧೂಬಾಯಿ ಬಾಗಿಲಲ್ಲಿ ನಿಂತು ಅವರು ಓಣಿ ದಾಟುವವರೆಗೂ ನೋಡಿದರು.

“ಅವರ ಗಂಟಲಿಗೇನೋ ಆಗೇದ. ನೀವು ಕೇಳಬೇಕಿತ್ತು.”

“ಏನೂ ಆಗಿಲ್ಲ. ನಾಟಕ ಮಾಡ್ಲಿಕ್ಕೆ ಹತ್ಯಾನ ಅಂವ. ವಿಚಾರಣೆಗೆ ನಾವೆಲ್ಲಾ ಹಾಂಗ ಬರೂದಿಲ್ಲೇನು? ತನ್ನ ವಾದಕ್ಕ ತಾನೇ ವೇಷ ಹಾಕ್ಕೊಂಡು ಬಂದಾನ,” ಎಂದರು ಮಾಸ್ತರು, ಮೆಚ್ಚುಗೆಯಿಂದಲೇ.

ಮಾಸ್ತರು ಕೆಟ್ಟವರಲ್ಲ. ಆದರೆ ಆ ಹೊತ್ತಿಗೆ ಅವರ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಕೋಟಿನ ಗುಂಡಿಯಿಂದ ಕೊಲೆಗಾರನ ಊರು ಹೇಳುವ ಏಕನಾಥರನ್ನು ಕೊಂಡಾಡಿದ ಮನುಷ್ಯ ಎದುರಿಗೆ ಕೂತ ಗೆಳೆಯನ ತಟ್ಟೆಯನ್ನು ನೋಡಲಿಲ್ಲ.

ಎರಡನೆಯ ಹೇಳಿಕೆ ಮೊದಲಿನದಕ್ಕಿಂತ ಚಿಕ್ಕದು. ಏಕನಾಥರು ನೋವನ್ನು ಹೇಗೆ ಮರೆಮಾಚುತ್ತಿದ್ದಾರೆ, ಮನೆಯವರ ಎದುರು ಹೇಗೆ ನುಂಗಿದಂತೆ ಮಾಡುತ್ತಾರೆ, ಆಸ್ಪತ್ರೆಯೆಂದರೆ ಏಕೆ ಅಂಜುತ್ತಾರೆ ಎಂಬುದೆಲ್ಲ ಇತ್ತು. ದಾಖಲೆಯ ಪುಟಸಂಖ್ಯೆ ಒಂದೂ ಇರಲಿಲ್ಲ. ಕೊನೆಯಲ್ಲಿ ಹೀಗಿತ್ತು: ‘ಏಕನಾಥರು ಮನೆಯಲ್ಲಿ ಹೇಳಬೇಕೇ? ಆಸ್ಪತ್ರೆಗೆ ಹೋದರೆ ಬದುಕಿ ಬರುತ್ತಾರೆಯೇ? ಬಲ್ಲವರು ತಿಳಿಸಬೇಕು.’ ಮಾಸ್ತರು ಕೆಂಪು ಪೆನ್ಸಿಲ್ ಎತ್ತಿದರು. ಸಾಕ್ಷಿ ಪ್ರಶ್ನೆ ಕೇಳುವಂತಿಲ್ಲ. ಆ ಮೂರು ಸಾಲುಗಳ ಮೇಲೆ ಗೆರೆ ಬಿತ್ತು. ಉಳಿದದ್ದಕ್ಕೆ ಅವರು ಬರೆದ ಪಾಟೀಸವಾಲು ಎಷ್ಟು ಉದ್ದವಾಯಿತೆಂದರೆ ಡಾಕ್ಟರರ ಪುಟಕ್ಕೆ ಜಾಗವಿಲ್ಲವಾಯಿತು. ಅದೂ ಅಲ್ಲದೆ ವೈದ್ಯಶಾಸ್ತ್ರ ದಾಖಲೆಯ ಹೊರಗಿನ ಸಾಕ್ಷ್ಯ, ಅವಸರವೇನು, ಮುಂದಿನ ಸಂಚಿಕೆಗೆ ಇರಲಿ ಎಂದರು. ಛಾಪಖಾನೆಯವರು ಜೋಡಿಸಿದ್ದ ಆ ಪುಟಕ್ಕೆ ಸುತ್ತಲೂ ದಾರ ಕಟ್ಟಿ ಹಲಗೆಯ ಮೇಲೆ ಎತ್ತಿಟ್ಟರು. ‘ತಡಮಾಡದೆ’ ಎಂಬ ಶಬ್ದ ಸೀಸದಲ್ಲಿ, ಉಲ್ಟಾ ಅಕ್ಷರಗಳಲ್ಲಿ, ಧೂಳು ತಿನ್ನುತ್ತ ಬಿದ್ದಿತ್ತು. ನನ್ನ ಮೈಯ ಭಾಗವೇ ಅದು, ಆದರೂ ಅದನ್ನು ಎತ್ತಿಕೊಂಡು ಕೊಪ್ಪಳಕ್ಕೆ ಹೋಗುವ ಕಾಲು ನನಗಿಲ್ಲ.

ಸಂಚಿಕೆ ಬಂದ ದಿನ ಗೂಳಪ್ಪ ಅಂಚೆಯವನ ಕೈಯಿಂದಲೇ ನನ್ನನ್ನು ಕಸಿದುಕೊಂಡರು. ಕಂದು ಹಾಳೆಯನ್ನು ಹರಿದು ತಮ್ಮ ಹೇಳಿಕೆಯ ಕೊನೆಗೆ ನೇರವಾಗಿ ಹೋದರು. ಪ್ರಶ್ನೆ ಇರಲಿಲ್ಲ. ತಾವೇ ಮಾಡಿದ ಕಟ್ಟಳೆ ಎಂಬುದು ನೆನಪಾಗಿರಬೇಕು, ಬೆರಳನ್ನು ಆ ಖಾಲಿ ಜಾಗದ ಮೇಲೆ ಆಡಿಸಿದರು. ನೀಲವ್ವ ಅಂಬಲಿ ತಂದಿಟ್ಟಳು. ಇಷ್ಟು ದಿನ ರೊಟ್ಟಿ ಏಕೆ ಬೇಡ ಎನ್ನುತ್ತೀ ಎಂದು ಆಕೆ ಗದರಿದರೆ ಹಲ್ಲು ಸಡಿಲಾಗಿವೆ ಎಂದರು. ಮತ್ತೆ ಮೂರು ತಿಂಗಳು ಕಾಯಲು ಕೂತರು.

ಅದರ ಮುಂದಿನ ಸಂಚಿಕೆಯಲ್ಲಿ ಡಾಕ್ಟರ್ ಸೂಡಿಯವರ ಪುಟ ಅಚ್ಚಾಯಿತು. ಅಷ್ಟರಲ್ಲಿ ಗೂಳಪ್ಪನವರಿಗೆ ಎದ್ದು ಕೂರುವುದೂ ಕಷ್ಟವಾಗಿತ್ತು. ದಿಂಬಿಗೆ ಒರಗಿ ಆ ಪುಟವನ್ನು ಎರಡು ಸಲ ಓದಿದರು. ಬೇಗ ಬಂದವರು ಗುಣವಾಗುತ್ತಾರೆ. ಮಾತಾಡುತ್ತ ಮನೆಗೆ ಹೋಗುತ್ತಾರೆ. ಆಮೇಲೆ ಅವರ ಕಣ್ಣು ಕೆಳಗಿನ ತಾರೀಖಿನ ಮೇಲೆ ಬಿತ್ತು. ಉತ್ತರ ಆರು ತಿಂಗಳ ಹಿಂದೆಯೇ ಬರೆದದ್ದಾಗಿತ್ತು. ಅವರು ಅಳಲಿಲ್ಲ. ನೀಲವ್ವನನ್ನು ಕರೆದು, ಇದ್ದಷ್ಟು ದನಿಯಲ್ಲಿ, “ನನ್ನ ಹುಬ್ಬಳ್ಳಿಗೆ ಕರಕೊಂಡು ನಡಿ,” ಎಂದರು. ಅಲ್ಲಿಯ ಡಾಕ್ಟರರು ನೋಡಿ, ಮನೆಯಲ್ಲೇ ಇಟ್ಟುಕೊಂಡು ಜೋಪಾನ ಮಾಡಿರಿ ಎಂದು ಹೇಳಿ ಕಳಿಸಿದರು.

ಎರಡನೇ ಸಾಕ್ಷಿಯಿಂದ ಉತ್ತರವೇ ಇಲ್ಲವಲ್ಲ ಎಂದು ಮಾಸ್ತರು ಚಡಪಡಿಸಿ ಕೊನೆಗೆ ಕೊಪ್ಪಳಕ್ಕೆ ಹೊರಟರು. ಪಾಟೀಸವಾಲಿನ ಮುಂದಿನ ಭಾಗ ಚೀಲದಲ್ಲಿತ್ತು. ಮನೆಯ ಹೊಸ್ತಿಲಲ್ಲಿ ನೀಲವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ಮಾಸ್ತರನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಯಾವಾಗ?” ಎಂದರು ಮಾಸ್ತರು.

“ಹ್ವಾದ ಅಮಾಸಿ ಹಿಂದಿನ ದಿನಾರೀ.”

“ನನಗ್ಯಾಕ ಹೇಳಿ ಕಳಿಸಲಿಲ್ಲವ್ವಾ?”

“ನಮ್ಮಣ್ಣನ ಬ್ಯಾಡ ಅಂದಾನ್ರಿ. ಮಾಸ್ತರಗ ಎಲ್ಲಾ ಬರದೀನಿ, ಅವರಿಗೆ ಗೊತ್ತೈತಿ ಅಂದ.” ಆಕೆ ಕಣ್ಣೊರೆಸಿಕೊಂಡಳು. “ನನಗರ ಎಲ್ಲಿ ಹೇಳಿದ್ದ. ‘ಜಾಡು ಬರ್ಲಿ ನೀಲವ್ವ, ಆಮ್ಯಾಲ ನಿನಗೊಂದು ಮಾತು ಹೇಳ್ತೀನಿ’ ಅಂತ ದಿನಾ ಅಂಚೆಯವನ ಹಾದಿ ಕಾಯ್ತಿದ್ದ. ನನಗ ಓದಾಕ ಬರೂದಿಲ್ಲ. ಅದರಾಗ ಅಂಥಾದ್ದೇನ ಬರಾಕಿತ್ರೀ ಮಾಸ್ತರ?”

ಮಾಸ್ತರು ಒಳಗೆ ಹೋಗಿ ಹಾಸಿಗೆಯಿದ್ದ ಮೂಲೆಯಲ್ಲಿ ನನ್ನನ್ನು ಕಂಡರು. ಎತ್ತಿಕೊಂಡರು. ಎರಡೂ ಹೇಳಿಕೆಗಳನ್ನು ಅಲ್ಲೇ ನೆಲದ ಮೇಲೆ ಕೂತು ಓದಿದರು, ಈ ಸಲ ಗೂಳಪ್ಪ ಬರೆದದ್ದೆಂದು ಓದಿದರು. ಆ ಮನೆಯ ನೆಲದ ಮೇಲೆ ಅರವತ್ತು ದಾಟಿದ ಆ ಮನುಷ್ಯ ಹಣೆ ಚಚ್ಚಿಕೊಂಡು ಅತ್ತರು. ನೀಲವ್ವ ನೀರು ತಂದುಕೊಟ್ಟಳು.

ಗದಗಿಗೆ ಮರಳಿ ಅವರು ಇನ್ನೊಂದು ಸಂಚಿಕೆ ತಂದರು. ಅದರಲ್ಲಿ ಇದ್ದದ್ದು ಆ ಎರಡು ಹೇಳಿಕೆಗಳೇ. ಏಕನಾಥರು ಎಂದು ಇದ್ದಲ್ಲೆಲ್ಲ ‘ಗೂಳಪ್ಪ ಬೆಳವಟಗಿ’ ಎಂದು ಹಾಕಿಸಿದರು. ಪೆನ್ಸಿಲ್ಲಿನ ಗೆರೆ ಬಿದ್ದಿದ್ದ ಮೂರು ಸಾಲುಗಳನ್ನು ಮರಳಿ ಸೇರಿಸಿದರು. ಪಾಟೀಸವಾಲು ಇರಲಿಲ್ಲ. ಮೊಟ್ಟಮೊದಲ ಬಾರಿಗೆ ನನ್ನ ಮೈಮೇಲೆ ನಿಜವಾದ ಮನುಷ್ಯನ ಹೆಸರು ಬಂದಿತ್ತು. ಮೊಳೆಗಳು ಒತ್ತಿದ ಕಡೆ ನೋಯುವುದು ಎಂದರೇನೆಂದು ನನಗೆ ಆಗ ತಿಳಿಯಿತು.

ಹದಿನೈದು ದಿನಕ್ಕೆಲ್ಲ ಓದುಗರ ಪತ್ರಗಳು ಬಂದವು. ರಾಣೆಬೆನ್ನೂರಿನವರು, ಇದು ಸಂಪಾದಕರ ಅದ್ಭುತ ಕಲ್ಪನೆ, ಏಕನಾಥರು ಗೂಳಪ್ಪ ಎಂಬ ಹೆಸರಿನಲ್ಲಿ ವೇಷ ಮರೆಸಿಕೊಂಡಿದ್ದಾರೆ ಎಂಬ ವಾದ ಹೊಸದು ಎಂದಿದ್ದರು. ಬಾಗಲಕೋಟೆಯವರು, ಗೂಳಪ್ಪ ಎಂಬ ಪಾತ್ರ ಯಾವ ದಾಖಲೆಯಲ್ಲಿದೆ, ಪುಟಸಂಖ್ಯೆ ಕೊಡಿ ಎಂದಿದ್ದರು. ಅವರ ತಪ್ಪೇನು. ಅವರಿಗೆ ಗೊತ್ತಿದ್ದದ್ದು ಎರಡನೇ ಸಾಕ್ಷಿ. ಮಾಸ್ತರು ಒಬ್ಬೊಬ್ಬರಿಗೂ ಕಾರ್ಡು ಬರೆದರು: ಗೂಳಪ್ಪ ಪಾತ್ರವಲ್ಲ, ಇದ್ದವರು, ಕೊಪ್ಪಳದಲ್ಲಿದ್ದರು, ನನ್ನ ಗೆಳೆಯರು. ಅದಕ್ಕೂ ಪಾಟೀಸವಾಲು ಬಂದವು.

ಡಾಕ್ಟರ್ ಸೂಡಿ ಮಾತ್ರ ಬರೆಯಲಿಲ್ಲ, ಬಸ್ಸು ಹತ್ತಿ ಬಂದರು. ನನ್ನನ್ನು ಮೇಜಿನ ಮೇಲಿಟ್ಟು, “ಇವರು ಎರಡನೇ ಸಾಕ್ಷಿ ಹೌದಲ್ರಿ?” ಎಂದರು. ಮಾಸ್ತರು ತಲೆಯಾಡಿಸಿದರು. “ನಾ ಬರದದ್ದು ನಿಮಗ ಯಾವಾಗ ಮುಟ್ಟಿತ್ತು?” ಮಾಸ್ತರು ಸುಳ್ಳು ಹೇಳಲಿಲ್ಲ. ಡಾಕ್ಟರು ಕೊಡೆ ಎತ್ತಿಕೊಂಡರು. ಸಿಂಧೂಬಾಯಿ ಚಹಾ ತಂದದ್ದು ಹಾಗೇ ಆರಿತು.

ನಾನು ಅಲ್ಲಿಗೆ ನಿಂತೆ. ಮಾಸ್ತರು ತೀರಿಕೊಂಡ ಮೇಲೆ ಸಿಂಧೂಬಾಯಿ ನನ್ನ ಸಂಚಿಕೆಗಳನ್ನೆಲ್ಲ ರಟ್ಟು ಹಾಕಿಸಿ ಒಂದು ಗ್ರಂಥಾಲಯಕ್ಕೆ ಕೊಟ್ಟರು. ಈಗ ಕಿಟಕಿಯಿಲ್ಲದ ಮೂಲೆಯಲ್ಲಿ, ಕೆಳಗಿನ ಹಲಗೆಯ ಮೇಲಿದ್ದೇನೆ. ಬೆಳ್ಳಿಮೀನು ಹುಳುಗಳು ಅಂಚಿನಿಂದ ತಿನ್ನತೊಡಗಿವೆ; ಅವುಗಳಿಗೆ ಏಕನಾಥನೂ ಒಂದೇ, ಗೂಳಪ್ಪನೂ ಒಂದೇ. ಇಲ್ಲದವನೊಬ್ಬ ಇದ್ದಾನೆಂದು ಇಷ್ಟು ವರ್ಷ ಸಾಧಿಸಿದೆನಲ್ಲ, ಇದ್ದವನೊಬ್ಬ ಇದ್ದನೆಂದು ಸಾಧಿಸಲು ಒಂದು ಸಂಚಿಕೆ ಸಾಲದಾಯಿತು. ಆ ದುಃಖ ಒಂದು ಬಿಟ್ಟರೆ ಮುಪ್ಪಿನಲ್ಲಿ ನನಗೆ ಬೇರೆ ದುಃಖವಿಲ್ಲ.

ಮೊನ್ನೆ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬಳು ಬಂದು ನನ್ನನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಬಹಳ ದಿನದ ಮೇಲೆ ಮನುಷ್ಯರ ಕೈ ತಾಕಿ ಹಿತವಾಯಿತು. ಶ್ರದ್ಧೆಯ ಹುಡುಗಿ. ಏಕನಾಥನ ಹುಟ್ಟೂರು, ವಯಸ್ಸು, ಎತ್ತರ, ಚಹಾದ ಸಕ್ಕರೆ ಎಲ್ಲವನ್ನೂ ಬರೆದುಕೊಂಡಳು. ಕೊನೆಯ ಸಂಚಿಕೆಗೆ ಬಂದಾಗ ಸ್ವಲ್ಪ ತಡೆದು, ಹಿಂದಿನ ಪುಟ ತಿರುವಿ, ಮುಂದಿನ ಪುಟ ತಿರುವಿ ಹುಡುಕಿದಳು. ಆಮೇಲೆ ದುಂಡಗಿನ ಅಕ್ಷರದಲ್ಲಿ ‘ಗೂಳಪ್ಪ ಬೆಳವಟಗಿ: ಕಾಲ್ಪನಿಕ ಪಾತ್ರ, ಮೂಲ ತಿಳಿದಿಲ್ಲ’ ಎಂದು ಬರೆದು, ನನ್ನನ್ನು ಮುಚ್ಚಿ ಜಾಗದಲ್ಲಿಟ್ಟು ಹೋದಳು.